ಇಂಟರ್‌ವ್ಯೂ ಬಟ್ಟೆ: ನಿಂತು ನೋಡಿದರೆ ಸಾಲದು, ಕೂತು ನೋಡಿ

ಇಂಟರ್‌ವ್ಯೂಗೆ ಏನು ಹಾಕಿಕೊಂಡು ಹೋಗಲಿ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಬಣ್ಣದ ಮಾತು ಎತ್ತುವುದಿಲ್ಲ. ಹಾಕಿಕೊಂಡು ಕುರ್ಚಿ ಮೇಲೆ ಹತ್ತು ನಿಮಿಷ ಕೂತು ನೋಡಿ ಎನ್ನುತ್ತೇನೆ. ನಾವೆಲ್ಲ ಕನ್ನಡಿ ಮುಂದೆ ನಿಂತು ಬಟ್ಟೆ ಆರಿಸುತ್ತೇವೆ, ಆದರೆ ಮಾತುಕತೆ ನಡೆಯುವುದು ಕೂತು, ಅಲ್ವಾ? ನಿಂತಾಗ ಚೆಂದ ಕಾಣುವ ಶರ್ಟು ಕೂತ ತಕ್ಷಣ ಹೊಟ್ಟೆ ಹತ್ತಿರ ಎರಡು ಗುಂಡಿಗಳ ನಡುವೆ ಬಾಯಿ ಬಿಡಬಹುದು. ಪ್ಯಾಂಟು ಮೇಲೆ ಸರಿದು ಗಿಡ್ಡ ಸಾಕ್ಸಿನ ಮೇಲೆ ಬರಿಗಾಲು ಕಾಣಬಹುದು. ಅದನ್ನೆಲ್ಲ ಎಳೆದು ಸರಿ ಮಾಡಿಕೊಳ್ಳುವುದರಲ್ಲೇ ಕೇಳಿದ ಪ್ರಶ್ನೆ ಅರ್ಧ ತಪ್ಪಿಹೋಗುತ್ತದೆ.

ಇದಕ್ಕೂ ಮುಂಚೆ ಒಂದು ಕೆಲಸ ಇದೆ. ಆ ಆಫೀಸಿನಲ್ಲಿ ದಿನಾ ಏನು ಹಾಕುತ್ತಾರೆ ಅಂತ ತಿಳಿದುಕೊಳ್ಳಿ. ವೆಬ್‌ಸೈಟಿನ ಫೋಟೋ ನೋಡಿ, ಇಲ್ಲವೇ ಕರೆ ಮಾಡಿದ ಎಚ್‌ಆರ್ ಅವರನ್ನೇ ಕೇಳಿಬಿಡಿ, ಅದರಲ್ಲಿ ಸಂಕೋಚ ಬೇಡ. ಅವರಿಗಿಂತ ಒಂದು ಮೆಟ್ಟಿಲು ಮೇಲಿದ್ದರೆ ಸಾಕು: ಟೀ ಶರ್ಟಿನ ಆಫೀಸಾದರೆ ಇಸ್ತ್ರಿ ಮಾಡಿದ ಕಾಲರ್ ಶರ್ಟು, ಅಲ್ಲಿ ಎಲ್ಲರೂ ಶರ್ಟೇ ಹಾಕುವುದಾದರೆ ಮೇಲೊಂದು ಬ್ಲೇಜರ್. ಯಂತ್ರದ ಮುಂದೆ ನಿಲ್ಲಿಸಿ ಕೆಲಸ ಮಾಡಿಸಿ ನೋಡುವ ಜಾಗಕ್ಕೆ ಸೂಟು ಬೇಡವೇ ಬೇಡ. ಮುಚ್ಚಿದ ಶೂ ಇರಲಿ, ತೋಳು ಜೋತಾಡದಿರಲಿ.

ಅಳತೆಯಲ್ಲಿ ಭುಜ ನೋಡಿ. ಭುಜದ ಮೂಳೆ ಮುಗಿಯುವಲ್ಲೇ ಹೊಲಿಗೆ ಕೂರಬೇಕು. ಸೊಂಟವನ್ನು ಟೈಲರ್ ಹಿಡಿದುಕೊಡುತ್ತಾರೆ, ರೆಡಿಮೇಡ್ ಬ್ಲೇಜರಿನ ಭುಜ ಸರಿ ಮಾಡುವುದು ಬಹಳ ಕಷ್ಟ. ಕಾಲರ್ ಗುಂಡಿ ಹಾಕಿದ ಮೇಲೂ ಎರಡು ಬೆರಳು ಒಳಗೆ ಹೋಗುವಷ್ಟು ಜಾಗ ಇರಲಿ.

ಬಣ್ಣಕ್ಕೆ ಬಂದರೆ, ಜಾಸ್ತಿ ಬೆವರುವವರು ತಿಳಿ ಬೂದು, ತಿಳಿ ನೀಲಿ ಬಿಡಿ. ಕಂಕುಳಿನ ಒದ್ದೆ ಅದರಲ್ಲಿ ಎದ್ದು ಕಾಣುತ್ತದೆ. ಬಿಳಿ ಅಥವಾ ಕಡು ನೀಲಿಯಲ್ಲಿ ಅಷ್ಟು ಕಾಣುವುದಿಲ್ಲ. ವಿಡಿಯೋ ಇಂಟರ್‌ವ್ಯೂ ಆದರೆ ಸಣ್ಣ ಗೆರೆ, ಸಣ್ಣ ಚೌಕುಳಿ ಬೇಡ, ಕ್ಯಾಮೆರಾದಲ್ಲಿ ಅವು ನಡುಗಿದ ಹಾಗೆ ಕಾಣುತ್ತವೆ.

ಹೊಸ ಶೂ ತಂದಿದ್ದರೆ ಒಂದು ವಾರ ಮನೆಯೊಳಗೇ ಹಾಕಿಕೊಂಡು ಓಡಾಡಿ. ನನ್ನ ಮೊದಲ ಇಂಟರ್‌ವ್ಯೂ ದಿನ ಹಿಮ್ಮಡಿ ಸುಲಿದು ಸಾಕ್ಸಿಗೆ ಅಂಟಿತ್ತು. ಒಳಗೆ ಕೂತಷ್ಟು ಹೊತ್ತೂ ಗಮನವೆಲ್ಲ ಆ ಉರಿಯ ಮೇಲೇ.

ಹಿಂದಿನ ರಾತ್ರಿ ಎಲ್ಲವನ್ನೂ ಒಂದೇ ಹ್ಯಾಂಗರಿಗೆ ಹಾಕಿ ಬೆಳಕಲ್ಲಿ ಹಿಡಿದು ನೋಡಿ. ಕಡು ನೀಲಿ ಅಂದುಕೊಂಡ ಪ್ಯಾಂಟು ಕಪ್ಪಾಗಿರುತ್ತದೆ, ಕಫಿನ ಗುಂಡಿ ಒಂದೇ ಎಳೆಯಲ್ಲಿ ನೇತಾಡುತ್ತಿರುತ್ತದೆ. ಬ್ಲೇಜರ್ ಹೊಸದಾದರೆ ಹಿಂದಿನ ಸೀಳಿಗೆ ಅಡ್ಡಡ್ಡ ಹಾಕಿದ ದಾರ ಇರುತ್ತದಲ್ಲ, ಅದು ಅಂಗಡಿಯಲ್ಲಿ ಮಡಿಕೆ ಕೆಡದಿರಲಿ ಅಂತ ಹಾಕಿದ್ದು. ಕತ್ತರಿಯಿಂದ ಅದನ್ನು ತೆಗೆದೇ ಮಲಗಿ.