ಎಲ್ಲರೂ ಬೈಯುವ ಸರ್ಕಾರದಲ್ಲಿ ಹನ್ನೊಂದು ತಿಂಗಳು

ಒಂದು ಸೋಮವಾರ ಬೆಳಿಗ್ಗೆ ಪಕ್ಷದ ಕಚೇರಿಗೆ ಹೋದರೆ ಬಾಗಿಲಿಗೆ ಎರಡು ಬೀಗ. ಒಂದು ನಮ್ಮದು, ಅದರ ಕೀಲಿ ನನ್ನ ಕೈಯಲ್ಲೇ ಇತ್ತು. ಇನ್ನೊಂದನ್ನು ರಾತ್ರಿ ನಮ್ಮದೇ ಯುವ ಘಟಕದ ಹುಡುಗರು ಜಡಿದು ಹೋಗಿದ್ದರು. ಚಿಲಕಕ್ಕೆ ಚೀಟಿ ಸಿಕ್ಕಿಸಿದ್ದರು: 'ಸರ್ಕಾರ ಬಿಟ್ಟು ಬನ್ನಿ, ಬೀಗ ತೆಗೀತೀವಿ.' ಡ್ರೈವರ್ ಕಲ್ಲು ಹುಡುಕಲು ಹೊರಟ. ಬೇಡ ಅಂದೆ. ಮೆಟ್ಟಿಲ ಮೇಲೆ ಕೂತು ಫೋನ್ ಮಾಡಿದೆ. ಅರ್ಧ ಗಂಟೆಯಲ್ಲಿ ಬಂದರು.

'ಅಕ್ಕಾ, ಬೀದೀಲಿ ಮುಖ ತೋರಿಸಕ್ಕಾಗ್ತಿಲ್ಲ' ಅಂದ ಅವರ ಮುಖಂಡ. ಅವನ ಮಾತಲ್ಲಿ ಸುಳ್ಳಿರಲಿಲ್ಲ. ನನಗೂ ಆಗ್ತಿರಲಿಲ್ಲ.

ನಮ್ಮದು ಚಿಕ್ಕ ಪಕ್ಷ. ಸದನದಲ್ಲಿ ಐದೇ ಜನ. ಸರ್ಕಾರಕ್ಕಿದ್ದ ಬಹುಮತ ಮೂರು. ನಾವು ಎದ್ದರೆ ಸರ್ಕಾರ ಬೀಳುತ್ತಿತ್ತು. ನಮಗೆ ಸಿಕ್ಕಿದ್ದು ಕಾರ್ಮಿಕ ಖಾತೆ ಒಂದೇ. ನಾನು ಪಕ್ಷದ ಪ್ರಧಾನ ಕಾರ್ಯದರ್ಶಿ. ಚುನಾವಣೆಗೆ ನಿಂತವಳಲ್ಲ, ಕಡತ, ಸಭೆ, ನಡಾವಳಿ ಇದೇ ನನ್ನ ಕೆಲಸ.

ಜನ ಬೈಯುತ್ತಿದ್ದದ್ದು ದೊಡ್ಡ ಪಕ್ಷದ ಕೆಲಸಗಳಿಗೆ. ತೆರಿಗೆ ಏರಿತು, ನೇಮಕಾತಿಯಲ್ಲಿ ಹಗರಣ ಬಂತು, ಹಗರಣದ ಮಂತ್ರಿ ಕುರ್ಚಿ ಬಿಡಲಿಲ್ಲ. ಆದರೆ ಯಾವ ಖಾತೆ ಯಾರದ್ದು ಅಂತ ನೋಡಿಕೊಂಡು ಯಾರೂ ಬೈಯುವುದಿಲ್ಲ. ಸರ್ಕಾರ ಅಂದರೆ ಸರ್ಕಾರ. ದೊಡ್ಡ ಪಕ್ಷಕ್ಕೆ ಹತ್ತು ಏಟು ಬಿದ್ದರೂ ತಡೆದುಕೊಳ್ಳುವ ಮೈ ಇರುತ್ತದೆ. ನಮಗೆ ಒಂದೇಟಿಗೇ ಮೂಳೆ ಮುರಿಯುತ್ತದೆ.

ಇನ್ನು ಮೂರು ವಾರದಲ್ಲಿ ಸರ್ವಸದಸ್ಯರ ಸಭೆ, ಇರೋದಾ ಬಿಡೋದಾ ಅಂತ ಅಲ್ಲೇ ತೀರ್ಮಾನ ಅಂತ ಮೆಟ್ಟಿಲ ಮೇಲೇ ಮಾತು ಕೊಟ್ಟೆ. ಹುಡುಗರು ಬೀಗ ತೆಗೆದರು. ಸಭೆಗೆ ಟಿಪ್ಪಣಿ ಬರೆಯುವ ಕೆಲಸ ನನ್ನ ತಲೆಗೇ ಬಂತು.

ಮೊದಲು ಬರೆದದ್ದು ನೆನೆದರೆ ಈಗಲೂ ನಾಚಿಕೆ. ಜವಾಬ್ದಾರಿ, ಸ್ಥಿರತೆ, ಜನಾದೇಶ ಅಂತ ನಾಲ್ಕು ಪುಟ. ಅಧ್ಯಕ್ಷರು ಒಂದು ಪುಟ ಓದಿ ಮೇಜಿನ ಮೇಲಿಟ್ಟರು. 'ಇದನ್ನ ಯಾವ ಪಕ್ಷ ಬೇಕಾದ್ರೂ ಬರೀಬಹುದು ಕಣಮ್ಮಾ. ನಾವು ಇಲ್ಲಿಗೆ ಯಾಕೆ ಬಂದ್ವಿ, ಅದರಲ್ಲಿ ಎಷ್ಟು ಕೈಗೆ ಸಿಕ್ಕಿದೆ, ಅದನ್ನ ಬರಿ.'

ಸರ್ಕಾರ ಸೇರುವಾಗ ಸಹಿ ಹಾಕಿದ್ದ ಸಾಮಾನ್ಯ ಕಾರ್ಯಕ್ರಮವನ್ನು ಹೊರಗೆ ತೆಗೆದೆ. ನಮ್ಮ ಒತ್ತಾಯಕ್ಕೆ ಸೇರಿದ್ದ ಅಂಶಗಳು 17. ಒಂದು ದೊಡ್ಡ ಹಾಳೆಯಲ್ಲಿ ಮೂರು ಅಂಕಣ ಎಳೆದೆ: ಕೊಟ್ಟ ಮಾತು, ಕಡತ ಈಗ ಯಾರ ಮೇಜಿನ ಮೇಲಿದೆ, ಇನ್ನು ಯಾರ ಸಹಿ ಬಾಕಿ. ತುಂಬಿಸಲು ನಾಲ್ಕು ದಿನ ಬೇಕಾಯಿತು. ಮಂತ್ರಿಗಳ ಆಪ್ತ ಕಾರ್ಯದರ್ಶಿಗೆ ಫೋನ್ ಮಾಡಿದರೆ 'ಪ್ರಗತಿಯಲ್ಲಿದೆ ಮೇಡಂ' ಅನ್ನುತ್ತಿದ್ದರು. ಯಾವ ಟೇಬಲ್ ಅಂತ ಕೇಳಿದರೆ ಮೌನ. ಕೊನೆಗೆ ಲೆಕ್ಕ ಹೀಗಿತ್ತು: ಆಗಿದ್ದು ಐದು, ಆಗುವುದೇ ಇಲ್ಲ ಅನ್ನುವಂಥದ್ದು ಒಂಬತ್ತು, ದಾರಿಯಲ್ಲಿದ್ದದ್ದು ಮೂರು. ಆ ಮೂರರಲ್ಲಿ ಎರಡು ನಾವಿಲ್ಲದಿದ್ದರೂ ಆಗುವಂಥವು. ಉಳಿದ ಒಂದು ಮನೆಗೆಲಸದವರ ಮಸೂದೆ.

ಆ ಮಸೂದೆಗೆ ಪಕ್ಷದಷ್ಟೇ ವಯಸ್ಸು. ಮನೆಗೆಲಸವನ್ನೂ ಕೆಲಸ ಅಂತ ಗುರುತಿಸಬೇಕು, ಕನಿಷ್ಠ ಕೂಲಿ ಬೇಕು, ವಾರಕ್ಕೊಂದು ಪೂರ್ತಿ ರಜೆ ಬೇಕು, ಇಷ್ಟೇ. ಹೊಸ ಮಾತೇನಲ್ಲ. 2011ರ ಜೂನ್‌ನಲ್ಲೇ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ತನ್ನ 189ನೇ ಒಪ್ಪಂದದಲ್ಲಿ ವಾರಕ್ಕೆ ಕಡಿಮೆ ಅಂದರೂ ಒಂದೇ ಸಮನೆ 24 ಗಂಟೆ ಬಿಡುವು ಕೊಡಬೇಕು ಅಂತ ಬರೆದಿತ್ತು. ನಮ್ಮ ಮಸೂದೆ ಸದನ ಸಮಿತಿಯಲ್ಲಿ ಕೂತಿತ್ತು. ಸದನ ವಿಸರ್ಜನೆಯಾದರೆ ಬಾಕಿ ಮಸೂದೆಯ ಕಥೆ ಮುಗಿದ ಹಾಗೆ. ಮುಂದಿನ ಸರ್ಕಾರ ಮತ್ತೆ ಒಂದನೇ ಪುಟದಿಂದ ಶುರು ಮಾಡಬೇಕು. ಮಾಡಿದರೆ.

ಬೇರೆ ಕಡೆ ಚಿಕ್ಕ ಪಕ್ಷಗಳು ಏನು ಮಾಡಿದ್ದವು ಅಂತಲೂ ಹುಡುಕಿದೆ. ಧೈರ್ಯ ಬರುವಂಥದ್ದೇನೂ ಸಿಗಲಿಲ್ಲ. ಬ್ರಿಟನ್ನಿನ ಲಿಬರಲ್ ಡೆಮಾಕ್ರಾಟರು 2010ರಲ್ಲಿ 57 ಸೀಟು ಇಟ್ಟುಕೊಂಡು ಸರ್ಕಾರ ಸೇರಿದರು, ಐದು ವರ್ಷ ಪೂರ್ತಿ ಉಳಿದರು, 2015ರಲ್ಲಿ 8ಕ್ಕೆ ಇಳಿದರು. ಸರಿ, ಹಾಗಾದರೆ ಬಿಟ್ಟು ಬರೋಣ ಅಂದರೆ ಭಾರತದ ಎಡಪಕ್ಷಗಳಿದ್ದವು. ಮನಮೋಹನ್ ಸಿಂಗ್ ಸರ್ಕಾರಕ್ಕೆ ಹೊರಗಿನಿಂದ ಬೆಂಬಲ ಕೊಡುತ್ತಿದ್ದವರು ಅಮೆರಿಕದ ಜೊತೆಗಿನ ಅಣು ಒಪ್ಪಂದದ ಮೇಲೆ 2008ರ ಜುಲೈನಲ್ಲಿ ಬೆಂಬಲ ವಾಪಸ್ ತೆಗೆದರು. ಸರ್ಕಾರ ಬೀಳಲೇ ಇಲ್ಲ. 275ಕ್ಕೆ 256ರಲ್ಲಿ ವಿಶ್ವಾಸಮತ ಗೆದ್ದಿತು. ಮರುವರ್ಷದ ಚುನಾವಣೆಯಲ್ಲಿ ಸಿಪಿಎಂ 43ರಿಂದ 16ಕ್ಕೆ ಇಳಿಯಿತು. ಜರ್ಮನಿಯ ಎಫ್‌ಡಿಪಿ ಅನ್ನುವ ಚಿಕ್ಕ ಪಕ್ಷವಂತೂ ಎರಡೂ ರುಚಿ ನೋಡಿದೆ. 2009ರಿಂದ ಪೂರ್ತಿ ಅವಧಿ ಉಳಿದು 2013ರಲ್ಲಿ ಸೀಟು ಸಿಗಲು ಬೇಕಾದ ಶೇಕಡಾ 5 ಮತದ ಗೆರೆ ದಾಟದೆ ಸಂಸತ್ತಿನಿಂದ ಹೊರಬಿತ್ತು. 2024ರ ನವೆಂಬರ್‌ನಲ್ಲಿ ಅದು ಸೇರಿದ್ದ ಇನ್ನೊಂದು ಒಕ್ಕೂಟ ಮಧ್ಯದಲ್ಲೇ ಮುರಿಯಿತು, 2025ರಲ್ಲಿ ಮತ್ತೆ ಹೊರಗೆ. ಇದ್ದರೂ ಏಟು, ಬಿಟ್ಟರೂ ಏಟು.

ಆದರೆ ನಿದ್ದೆ ಕೆಡಿಸಿದ್ದು ಐರ್ಲೆಂಡಿನ ಗ್ರೀನ್ ಪಾರ್ಟಿಯ ಕಥೆ. 2007ರಲ್ಲಿ ಆರು ಸೀಟು ಹಿಡಿದು ಫಿಯಾನಾ ಫಾಯಿಲ್ ಅನ್ನುವ ದೊಡ್ಡ ಪಕ್ಷದ ಜೊತೆ ಸರ್ಕಾರ ಸೇರಿದರು. ಮರುವರ್ಷ ಬ್ಯಾಂಕುಗಳು ನೆಲಕಚ್ಚಿದವು, ಸರ್ಕಾರದ ಹೆಸರು ಕೆಟ್ಟಿತು. 2009ರ ಅಕ್ಟೋಬರ್‌ನಲ್ಲಿ ಹೊಸದಾಗಿ ಚೌಕಾಸಿ ಮಾಡಿದ ಕಾರ್ಯಕ್ರಮವನ್ನು ಸದಸ್ಯರ ಮುಂದಿಟ್ಟರು. ಮೂರರಲ್ಲಿ ಎರಡು ಪಾಲು ಒಪ್ಪಬೇಕಿತ್ತು. ಶೇಕಡಾ 84 ಜನ ಹೂಂ ಅಂದರು. ಮುಂದಿನ ವರ್ಷ ನವೆಂಬರ್ 22ಕ್ಕೆ, ದೇಶ ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಮತ್ತು ಯುರೋಪಿನ ಮುಂದೆ ಸಾಲಕ್ಕೆ ಕೈಚಾಚಿದ ಮರುದಿನ, ಅವರ ನಾಯಕ ಜಾನ್ ಗಾರ್ಮ್ಲಿ ಜನವರಿಯಲ್ಲಿ ಚುನಾವಣೆ ದಿನ ಗೊತ್ತು ಮಾಡಿ ಅಂದರು. 2011ರ ಜನವರಿ 23ಕ್ಕೆ ಹೊರಬಂದೇಬಿಟ್ಟರು. ಫೆಬ್ರವರಿಯಲ್ಲಿ ಆರೂ ಸೀಟು ಹೋದವು. ಸೀಟು ಹೋಗಲಿ ಬಿಡಿ. ಅವರು ಮುಖ್ಯ ಅಂದುಕೊಂಡಿದ್ದ ಹವಾಮಾನ ಮಸೂದೆ ಡಿಸೆಂಬರ್ ಕೊನೆಗಷ್ಟೇ ಪ್ರಕಟವಾಗಿತ್ತು. ಸರ್ಕಾರದ ಜೊತೆ ಅದೂ ಹೋಯಿತು. ಅಂಥ ಕಾನೂನು ಬಂದದ್ದು 2015ರಲ್ಲಿ, ಬೇರೆಯವರ ಸರ್ಕಾರದಲ್ಲಿ. ಮೂರೂವರೆ ವರ್ಷ ಬೈಸಿಕೊಂಡು, ಕೊನೆಯ ಕೆಲವು ವಾರದಲ್ಲಿ ಕೈತಪ್ಪಿತಲ್ಲ! ಟಿಪ್ಪಣಿಯಲ್ಲಿ ಈ ಸಾಲಿನ ಕೆಳಗೆ ಎರಡು ಗೆರೆ ಎಳೆದೆ.

ನಮ್ಮಲ್ಲಿ ಕೆಲವರು ನಡುವಿನ ದಾರಿ ಹೇಳಿದರು. ಮಂತ್ರಿಗಿರಿ ಬಿಡೋಣ, ಹೊರಗಿನಿಂದ ಬೆಂಬಲ ಕೊಡೋಣ. ಹಾವೂ ಸಾಯಲಿ, ಕೋಲೂ ಮುರಿಯದಿರಲಿ ಅನ್ನುವ ಲೆಕ್ಕ. ನನಗೆ ಒಪ್ಪಿಗೆ ಆಗಲಿಲ್ಲ, ಈಗಲೂ ಆಗಿಲ್ಲ. ಕೈಯೆತ್ತಿ ಸರ್ಕಾರ ಉಳಿಸುವವರು ನಾವೇ ಆದರೆ ಬೈಗುಳ ತಪ್ಪುವುದಿಲ್ಲ, ಕಡತ ಮಾತ್ರ ಕೈಬಿಟ್ಟು ಹೋಗುತ್ತದೆ. ಕಾರ್ಮಿಕ ಖಾತೆ ದೊಡ್ಡ ಪಕ್ಷದವರ ಕೈಗೆ ಹೋದ ದಿನವೇ ಆ ಮಸೂದೆ ಕಪಾಟು ಸೇರುತ್ತದೆ ಅನ್ನುವುದರಲ್ಲಿ ನನಗೆ ಅನುಮಾನ ಇರಲಿಲ್ಲ.

ಸಭೆ ಬೆಳಿಗ್ಗೆ ಹತ್ತಕ್ಕೆ ಶುರುವಾಗಿ ಸಂಜೆ ಆರಕ್ಕೆ ಮುಗಿಯಿತು. ಮೂರರಲ್ಲಿ ಎರಡು ಪಾಲು ಸಿಗದಿದ್ದರೆ ಬಿಟ್ಟು ಬರೋದು, ಗುಟ್ಟಿನ ಮತ ಅಂತ ಮೊದಲೇ ಹೇಳಿದ್ದೆವು. ಅಧ್ಯಕ್ಷರಿಗೆ ಇದು ಇಷ್ಟವಿರಲಿಲ್ಲ. ಕೈಯೆತ್ತಿಸಿದರೆ ಗೆಲ್ತೀವಿ ಅಂದಿದ್ದರು. ಗೆಲ್ತಿದ್ದೆವು, ನಿಜ. ಆಮೇಲೆ ಆ ಎತ್ತಿದ ಕೈಗಳು ನಮ್ಮ ಜೊತೆ ಇರುತ್ತಿರಲಿಲ್ಲ.

ದಿನವಿಡೀ ಕೇಳಿದ್ದ ಭಾಷಣಗಳಲ್ಲಿ ನನಗೆ ಈಗ ನೆನಪಿರುವುದು ಒಂದು ಪ್ರಶ್ನೆ. ಐದು ಮನೆಗಳಲ್ಲಿ ಕೆಲಸ ಮಾಡುವ ನಮ್ಮ ಸದಸ್ಯೆ ಒಬ್ಬರು ಮಧ್ಯಾಹ್ನದ ಮೇಲೆ ಎದ್ದು ನಿಂತರು. ಮೈಕ್ ಸರಿಯಾಗಿ ಹಿಡಿಯಲು ಬರಲಿಲ್ಲ. 'ಅಕ್ಕಾ, ಕಾನೂನು ಪಾಸಾದ ವಾರವೇ ನಂಗೆ ರಜಾ ಸಿಗುತ್ತಾ? ಕೊಡದಿದ್ರೆ ಯಾರ ಹತ್ರ ಹೋಗ್ಲಿ?' ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾಕೆಂದರೆ ಸಿಗುತ್ತಿರಲಿಲ್ಲ. ಮಸೂದೆ ಪಾಸಾದರೆ ಪತ್ರಿಕೆಯಲ್ಲಿ ಫೋಟೊ ಬರುತ್ತದೆ, ಅಷ್ಟೇ. ಅದಕ್ಕೆ ನಿಯಮಾವಳಿ ಆಗಬೇಕು. ದೂರು ಯಾರಿಗೆ, ಎಷ್ಟು ದಿನದಲ್ಲಿ ವಿಚಾರಣೆ, ದಂಡ ಎಷ್ಟು, ಎಲ್ಲ ಅದರಲ್ಲಿ ಇರುವುದು. ಅದು ಗೆಜೆಟ್‌ನಲ್ಲಿ ಬರುವ ತನಕ ಕಾನೂನಿಗೆ ಹಲ್ಲಿಲ್ಲ. ನನ್ನ ಟಿಪ್ಪಣಿಯಲ್ಲಿ 'ಮಸೂದೆ ಪಾಸಾಗುವವರೆಗೆ ಉಳಿಯುವುದು' ಅಂತಿತ್ತು. ಅಲ್ಲೇ, ವೇದಿಕೆಯ ಮೇಲೇ ಪೆನ್ನು ತೆಗೆದು ಅದನ್ನು ಹೊಡೆದು 'ನಿಯಮಾವಳಿ ಅಧಿಸೂಚನೆ ಆಗುವವರೆಗೆ, ಅಥವಾ ಹನ್ನೊಂದು ತಿಂಗಳು, ಯಾವುದು ಮೊದಲೋ ಅದು' ಅಂತ ಬರೆದೆ. ಹನ್ನೊಂದು ಯಾಕೆ ಅಂತ ಕೇಳಬೇಡಿ. ಒಂದು ವರ್ಷ ಅಂದಿದ್ದರೆ ಹುಡುಗರು ಎದ್ದು ಹೋಗುತ್ತಿದ್ದರು.

ಎಣಿಕೆ: ಉಳಿಯಲಿ ಅಂದವರು 212, ಬೇಡ ಅಂದವರು 97. ಬೇಕಿದ್ದದ್ದು 206. ಆರು ಮತ. ಯುವ ಘಟಕದ ಮುಖಂಡ ಹೊರಗೆ ಹೋಗುವಾಗ ಸದಸ್ಯತ್ವದ ಕಾರ್ಡನ್ನು ನನ್ನ ಮೇಜಿನ ಮೇಲೆ ಮೆತ್ತಗೆ ಇಟ್ಟು ಹೋದ. ಎಸೆದಿದ್ದರೆ ಇಷ್ಟು ಬೇಜಾರಾಗುತ್ತಿರಲಿಲ್ಲ.

ಮರುದಿನವೇ ಮುಖ್ಯಮಂತ್ರಿಗೆ ಪತ್ರ ಕೊಟ್ಟೆವು, ಅದೇ ಗಂಟೆಗೆ ಪತ್ರಿಕೆಗಳಿಗೂ. ಯಾವ ತಿಂಗಳು ಸಮಿತಿಯ ವರದಿ, ಯಾವ ತಿಂಗಳು ಸದನ, ಯಾವ ತಿಂಗಳು ನಿಯಮಾವಳಿ, ತಪ್ಪಿದರೆ ಏನು. ಇದು ಬ್ಲ್ಯಾಕ್‌ಮೇಲ್ ಅಂದರು ದೊಡ್ಡ ಪಕ್ಷದವರು. ಸಮನ್ವಯ ಸಮಿತಿಯಲ್ಲಿ ಎರಡು ಸಲ ನಮ್ಮ ಅಧ್ಯಕ್ಷರನ್ನು ಕಾಯಿಸಿ ಕೂರಿಸಿದರು. ಆದರೆ ದಿನಾಂಕ ಬರೆದುಕೊಂಡರು. ತಾರೀಕಿಲ್ಲದ ಬೆದರಿಕೆಗೆ ಯಾರೂ ಹೆದರುವುದಿಲ್ಲ ಅಲ್ವಾ?

ನಾವು ಎಡವಿದ್ದೂ ಉಂಟು. ಮೊದಲ ನಾಲ್ಕು ತಿಂಗಳು ಸರ್ಕಾರದ ಪ್ರತಿ ತೀರ್ಮಾನಕ್ಕೂ ಹೊರಗೆ ವಿರೋಧದ ಹೇಳಿಕೆ ಕೊಟ್ಟು, ಒಳಗೆ ಪರವಾಗಿ ಮತ ಹಾಕುತ್ತಿದ್ದೆವು. ಬೇರೆಯಾಗಿ ಕಾಣಬೇಕು ಅನ್ನುವ ಆಸೆ. ಜನ ನಕ್ಕರು. 'ಹೊರಗೆ ಹುಲಿ, ಒಳಗೆ ಇಲಿ' ಅಂತ ಗೋಡೆ ಮೇಲೆ ಬರೆದರು. ಆಮೇಲೆ ಅದನ್ನು ನಿಲ್ಲಿಸಿ, ಎರಡೇ ವಿಷಯ ಹಿಡಿದೆವು. ಹಗರಣದ ಮಂತ್ರಿಯ ಪರವಾಗಿ ಸದನದಲ್ಲಿ ಬಾಯಿ ಬಿಡುವುದಿಲ್ಲ. ನಮ್ಮ ಪ್ರಣಾಳಿಕೆಯಲ್ಲಿ 'ಮಾಡುವುದಿಲ್ಲ' ಅಂತ ಬರೆದದ್ದಕ್ಕೆ ಕೈಯೆತ್ತುವುದಿಲ್ಲ. ಕಾಲೇಜು ಶುಲ್ಕ ಏರಿಕೆಯ ವಿರುದ್ಧ ಮತ ಹಾಕುತ್ತೇವೆ ಅಂತ ಬರೆದುಕೊಟ್ಟಿದ್ದ ಲಿಬರಲ್ ಡೆಮಾಕ್ರಾಟರು 2010ರ ಡಿಸೆಂಬರ್‌ನಲ್ಲಿ ಹಲವರು ಅದರ ಪರವಾಗಿಯೇ ಮತ ಹಾಕಿದರು, ಅದಕ್ಕೆ ಎಷ್ಟು ತೆತ್ತರು ಅಂತ ಓದಿದ್ದೆನಲ್ಲ.

ಮಸೂದೆ ಏಳನೇ ತಿಂಗಳಲ್ಲಿ ಪಾಸಾಯಿತು. ಕಷ್ಟ ಶುರುವಾಗಿದ್ದು ಆಮೇಲೆ. ನಿಯಮಾವಳಿಯ ಕರಡು ಒಂದು ಇಲಾಖೆಯಿಂದ ಅಭಿಪ್ರಾಯಕ್ಕೆ ಅಂತ ಇನ್ನೊಂದಕ್ಕೆ ಹೋಗಿ, ಏಳು ವಾರ ಕೂತು ವಾಪಸ್ ಬಂತು. ಒಂದು ರಾತ್ರಿ ನಮ್ಮ ಮಂತ್ರಿ ಫೋನ್ ಮಾಡಿ 'ಎರಡನೇ ಪುಟ ನೋಡಿ' ಅಂದರು. ಕೆಲಸಗಾರರು ಅಂದರೆ ಯಾರು ಅನ್ನುವ ಕಡೆ ಹೊಸದಾಗಿ ಕೆಲವು ಪದ ಸೇರಿದ್ದವು: 'ಒಂದೇ ಮನೆಯಲ್ಲಿ ದಿನಕ್ಕೆ ನಾಲ್ಕು ಗಂಟೆಗೂ ಮೇಲ್ಪಟ್ಟು' ದುಡಿಯುವವರು ಅಂತ. ಮೊದಲು ಒಟ್ಟು ಕೆಲಸದ ಗಂಟೆ ಲೆಕ್ಕಕ್ಕೆ ಬರುತ್ತಿತ್ತು. ಈಗ ಐದು ಮನೆಗಳಲ್ಲಿ ಒಂದೊಂದೂವರೆ ಗಂಟೆ ದುಡಿಯುವವರು ಪೂರ್ತಿ ಹೊರಗೆ. ಸಭೆಯಲ್ಲಿ ಪ್ರಶ್ನೆ ಕೇಳಿದ ಆಕೆಯೇ ಹೊರಗೆ! ಅಷ್ಟರಲ್ಲಿ ನಾವು ಸರ್ಕಾರ ಬಿಟ್ಟಿದ್ದರೆ ಆ ಪುಟ ನಮ್ಮ ಕಣ್ಣಿಗೇ ಬೀಳುತ್ತಿರಲಿಲ್ಲ. ತೆಗೆಸಲು ಹದಿನೇಳು ದಿನ ಬೇಕಾಯಿತು. ರಾಜೀನಾಮೆ ಪತ್ರ ಟೈಪ್ ಮಾಡಿಸಿ, ಕವರಿನೊಳಗೆ ಹಾಕಿ, ಅದನ್ನು ಮುಖ್ಯಮಂತ್ರಿಯ ಮೇಜಿನ ಮೇಲಿಟ್ಟ ಮೇಲೆ.

ಹನ್ನೊಂದನೇ ತಿಂಗಳ ಮೂರನೇ ವಾರ ಅಧಿಸೂಚನೆ ಬಂತು. ನಾಲ್ಕು ದಿನಕ್ಕೆ ಹೊರಬಂದೆವು. ಕೆಲಸ ಆಯ್ತು, ಹಡಗು ಮುಳುಗೋ ಮುಂಚೆ ಹಾರಿದರು ಅಂತ ದೊಡ್ಡ ಪಕ್ಷದವರು ಬೈದರು. ಇಷ್ಟು ದಿನ ಕುರ್ಚಿಗೆ ಅಂಟಿಕೊಂಡಿದ್ದವರು ಅಂತ ವಿರೋಧ ಪಕ್ಷದವರು ಬೈದರು. ಚುನಾವಣೆಯಲ್ಲಿ ಐದರಲ್ಲಿ ಒಂದು ಉಳಿಯಿತು. ಕಾರ್ಡ್ ಇಟ್ಟು ಹೋಗಿದ್ದ ಹುಡುಗ ಸ್ವತಂತ್ರನಾಗಿ ನಿಂತು, ನಮ್ಮ ಅಧ್ಯಕ್ಷರು ಸೋತ ಅಂತರಕ್ಕಿಂತ ಜಾಸ್ತಿ ಓಟು ತಗೊಂಡ. ಮೊನ್ನೆ ದಾರಿಯಲ್ಲಿ ಸಿಕ್ಕ. 'ಅಕ್ಕಾ, ಆರು ತಿಂಗಳ ಮುಂಚೆ ಬಿಟ್ಟಿದ್ರೆ ಮೂರು ಸೀಟು ಉಳೀತಿತ್ತು' ಅಂದ. ಉಳಿಯುತ್ತಿತ್ತೋ ಏನೋ. ನಾನು ವಾದ ಮಾಡಲಿಲ್ಲ.

ಗೆಜೆಟ್ ಪ್ರತಿ ಕಚೇರಿಯ ಮೇಜಿನಲ್ಲೇ ಇದೆ. ಭಾನುವಾರ ಹೆಂಗಸರು ಬಂದು ಜೆರಾಕ್ಸ್ ಮಾಡಿಸಿಕೊಂಡು ಹೋಗುತ್ತಾರೆ, ಮನೆ ಯಜಮಾನರಿಗೆ ತೋರಿಸಲು. ಸಭೆಯಲ್ಲಿ ಮಾತಾಡಿದ್ದ ಆಕೆಯೂ ಹೋದ ತಿಂಗಳು ಬಂದಿದ್ದರು. ಐದು ಮನೆಯಲ್ಲಿ ಮೂರು ಮನೆಯವರು ರಜೆ ಕೊಟ್ಟಿದ್ದಾರಂತೆ. ಉಳಿದ ಎರಡಕ್ಕೆ ದೂರು ಹೇಗೆ ಬರೆಯೋದು ಅಂತ ಕೇಳಿದರು. ಇಬ್ಬರೂ ಕೂತು ಬರೆದೆವು. ಹೋಗುವಾಗ ಬಾಗಿಲಲ್ಲಿ ನಿಂತು, 'ಅವತ್ತು ನಾನು ಬೇಡ ಅಂತಲೇ ಓಟು ಹಾಕಿದ್ದೆ ಅಕ್ಕಾ' ಅಂದರು.