ಬೆಂಗಳೂರಲ್ಲಿ ರೂಮ್ ಮಾಡದೆ 1987ರ ಜಿಲ್ಲಾ ಪರಿಷತ್ ಹುಡುಕಿದ್ದು

1987ರಲ್ಲಿ ಜಿಲ್ಲಾ ಪರಿಷತ್ತಿಗೆ (ಈಗಿನ ಜಿಲ್ಲಾ ಪಂಚಾಯಿತಿಯ ಹಿಂದಿನ ರೂಪ) ಗೆದ್ದವರಲ್ಲಿ ಎಷ್ಟು ಜನ ಮುಂದೆ ವಿಧಾನಸಭೆಗೆ ನಿಂತರು, ಎಷ್ಟು ಜನ ಗೆದ್ದರು. ಇದು ನನ್ನ ಪಿಎಚ್‌ಡಿ ವಿಷಯ. ಕೊಪ್ಪಳದ ಕಡೆ ಪಾಠ ಮಾಡುತ್ತಾ ಪಾರ್ಟ್‌ಟೈಮ್ ಮಾಡುತ್ತಿದ್ದೇನೆ. ವಿಷಯ ಕೇಳಿದವರೆಲ್ಲ ಹೇಳಿದ್ದು ಒಂದೇ: "ಬೆಂಗಳೂರಲ್ಲಿ ಎರಡು ವರ್ಷ ರೂಮ್ ಮಾಡಿದ್ರೆ ಆಗಬಹುದು ಸರ್, ಊರಲ್ಲಿ ಕೂತು ಆಗಲ್ಲ." ಊರಲ್ಲೇ ಕೂತು ಆಯಿತು. ಡೇಟಾ ಅಧ್ಯಾಯವನ್ನು ಗೈಡ್ ಹೋದ ತಿಂಗಳು ಒಪ್ಪಿದರು, ಅದೂ ಒಂದೇ ಒಂದು ಟೇಬಲ್ ಬದಲಾಯಿಸಿ ಅಂತ ಹೇಳಿ.

ಈ ಚುನಾವಣೆಗೆ ವಾರಸುದಾರರೇ ಇಲ್ಲ, ತೊಂದರೆ ಇರೋದೇ ಅಲ್ಲಿ. ಭಾರತದ ಚುನಾವಣಾ ಆಯೋಗ ಪಂಚಾಯಿತಿ ಚುನಾವಣೆ ನಡೆಸಲ್ಲ. ರಾಜ್ಯ ಚುನಾವಣಾ ಆಯೋಗ ಬಂದಿದ್ದು ಸಂವಿಧಾನದ 73ನೇ ತಿದ್ದುಪಡಿ ಆದ ಮೇಲೆ, 1993ರಲ್ಲಿ. ರಾಮಕೃಷ್ಣ ಹೆಗಡೆ ಸರ್ಕಾರದ 1983ರ ಕಾಯ್ದೆಯಡಿ ನಡೆದ ಈ ಚುನಾವಣೆ ಯಾರ ವೆಬ್‌ಸೈಟಿನಲ್ಲೂ ಇಲ್ಲ.

ಮೊದಲು ಆರ್‌ಟಿಐ ಹಾಕಿದೆ. ಹತ್ತು ರೂಪಾಯಿ ಅರ್ಜಿ, ಕಾಯೋದು ಒಂದೆರಡು ತಿಂಗಳು, ಕೊನೆಗೆ ಒಂದು ಸಾಲಿನ ಉತ್ತರ: ದಾಖಲೆ ಲಭ್ಯವಿಲ್ಲ. ಆಮೇಲೆ "ಡೇಟಾ ಕೊಡಿಸ್ತೀನಿ" ಅಂತ ಒಬ್ಬರು ಸಿಕ್ಕರು. ಎಂಟು ಸಾವಿರದ ಹತ್ತಿರ ಅಡ್ವಾನ್ಸ್ ತಗೊಂಡರು. ಕಳಿಸಿದ್ದು 1995ರ ಪಟ್ಟಿ, ಅದೂ ಅರ್ಧಂಬರ್ಧ. ದುಡ್ಡು ವಾಪಸ್ ಬರಲಿಲ್ಲ. ಆಗ ಸ್ಟೈಪೆಂಡ್ ಬೇರೆ ಬಾಕಿ ಇತ್ತು, ಮನೆಯಲ್ಲಿ ಏನು ಕೇಳಿಸಿಕೊಂಡೆ ಅಂತ ಇಲ್ಲಿ ಬೇಡ.

ದಾರಿ ಕಂಡಿದ್ದು ಶೋಧಗಂಗಾದಲ್ಲಿ, ಅಂದರೆ ಭಾರತದ ಪಿಎಚ್‌ಡಿ ಥೀಸಿಸ್‌ಗಳನ್ನು ಉಚಿತವಾಗಿ ಇಟ್ಟಿರುವ ವೆಬ್‌ಸೈಟಿನಲ್ಲಿ. ಥೀಸಿಸ್ ಓದಿ ಅಲ್ಲ. ಅಲ್ಲಿ ಅಧ್ಯಾಯಕ್ಕೊಂದು ಪಿಡಿಎಫ್ ಇರುತ್ತದೆ, ಗ್ರಂಥಸೂಚಿಗೂ ಬೇರೆ ಪಿಡಿಎಫ್ ಇರುತ್ತದೆ, ಅಲ್ವಾ? ಪಂಚಾಯತ್ ರಾಜ್ ಮೇಲಿನ ನಲವತ್ತು ಐವತ್ತು ಥೀಸಿಸ್‌ಗಳ ಗ್ರಂಥಸೂಚಿ ಮಾತ್ರ ಇಳಿಸಿಕೊಂಡೆ. ಎಲ್ಲದರಲ್ಲೂ ಬರುವ ಪುಸ್ತಕ ಬಿಟ್ಟುಬಿಡಿ, ಅದು ಎಲ್ಲರ ಹತ್ತಿರವೂ ಇದೆ. ಒಬ್ಬರೇ ಒಬ್ಬರು ಹೆಸರಿಸಿದ ವರದಿ, ಸೈಕ್ಲೋಸ್ಟೈಲ್ ಪ್ರತಿ, ಜಿಲ್ಲಾಮಟ್ಟದ ಕೈಪಿಡಿ, ಬೇಕಾದ್ದು ಅದು. ಅವರು ಯಾವ ವಿಶ್ವವಿದ್ಯಾಲಯದವರೋ ಆ ಲೈಬ್ರರಿಯಲ್ಲೇ ಸಾಮಾನ್ಯವಾಗಿ ಪ್ರತಿ ಇರುತ್ತದೆ. ನನಗೆ ಹತ್ತರಲ್ಲಿ ಆರೇಳು ಸಿಕ್ಕವು.

ಆದರೆ ಒಪ್ಯಾಕ್ (ಲೈಬ್ರರಿಯ ಕಂಪ್ಯೂಟರ್ ಕ್ಯಾಟಲಾಗ್) ನಂಬಿ ಹೋದರೆ ಕೆಟ್ಟಿರಿ. ಪುಸ್ತಕಗಳಿಗೆ ವಿಷಯದ ನಂಬರ್ ಕೊಡುವ ಡ್ಯೂಯಿ ಪದ್ಧತಿಯ ಹಳೇ ಆವೃತ್ತಿಗಳಲ್ಲಿ ಸ್ಥಳೀಯ ಸರ್ಕಾರ 352ರಲ್ಲಿತ್ತು, ಆಮೇಲೆ ಅದನ್ನು 320.8ಕ್ಕೆ ಹಾಕಿದರು. ಹಾಗಾಗಿ ಒಂದೇ ವಿಷಯದ ಪುಸ್ತಕ ಎರಡು ಮೂಲೆಯಲ್ಲಿ ಕೂತಿರುತ್ತದೆ, ಗ್ರಾಮೀಣಾಭಿವೃದ್ಧಿ ಅಂತ ಹೋದದ್ದು 307ರಲ್ಲಿ. ಕೋಲನ್ ಪದ್ಧತಿ (ಅಕ್ಷರ ಹಾಕಿ ಜೋಡಿಸುವ ಇನ್ನೊಂದು ಪದ್ಧತಿ) ಇಟ್ಟುಕೊಂಡ ಹಳೇ ಲೈಬ್ರರಿ ಆದರೆ ವಿ, ಡಬ್ಲ್ಯೂ ಎರಡೂ ಕಪಾಟು ನೋಡಿ. ನಂಬರ್ ಹಾಕದೆ ಕಟ್ಟಿಟ್ಟ ಗಂಟುಗಳೂ ಇರುತ್ತವೆ. ಅವನ್ನು ತೆಗೆಸೋದು ಹೇಗೆ ಅನ್ನೋದನ್ನ ನಾನು ಹೇಳಲ್ಲ, ಟೀ ಕುಡಿಸೋದು ಅಂತೂ ಅಲ್ಲ.

ಹುಡುಕುವಾಗ ಹೆಸರು ಮುಖ್ಯ. ಕೊಪ್ಪಳ ಜಿಲ್ಲಾ ಪರಿಷತ್ 1987 ಅಂತ ಹಾಕಿದರೆ ಏನೂ ಬರಲ್ಲ, ಯಾಕಂದ್ರೆ ಕೊಪ್ಪಳ ಜಿಲ್ಲೆ ಆಗಿದ್ದೇ 1997ರಲ್ಲಿ. ರಾಯಚೂರು ಅಂತ ಹಾಕಬೇಕು. ಗದಗ, ಹಾವೇರಿಯವರು ಧಾರವಾಡ ಅಂತ ಹಾಕಬೇಕು. ವಿಧಾನಸಭೆಗೂ ಹಾಗೇ: ನಮ್ಮ ಕಡೆಯ 1952ರ ಫಲಿತಾಂಶ ಹೈದರಾಬಾದ್ ರಾಜ್ಯದ ವರದಿಯಲ್ಲಿದೆ, 1957ರಿಂದ 1972ರವರೆಗೆ ಮೈಸೂರು, 1978ರಿಂದ ಕರ್ನಾಟಕ. ಎಂಎ ಮಾಡಿದವರಿಗೆ ಇದೆಲ್ಲ ಗೊತ್ತು, ಆದರೆ ಸರ್ಚ್ ಬಾಕ್ಸ್ ಮುಂದೆ ಕೂತಾಗ ಯಾರಿಗೂ ನೆನಪಾಗಲ್ಲ.

ಗೆದ್ದವರ ಹೆಸರು ನನಗೆ ಸಿಕ್ಕಿದ್ದು ಹಳೇ ದಿನಪತ್ರಿಕೆಗಳ ಬೈಂಡ್ ಸಂಪುಟಗಳಲ್ಲಿ, ಜನವರಿ ಕೊನೆಯ ಮತ್ತು ಫೆಬ್ರವರಿ ಮೊದಲ ಪುಟಗಳಲ್ಲಿ. ಜೆರಾಕ್ಸ್‌ಗೆ ಕೊಡಲ್ಲ, ಕಾಗದ ಪುಡಿಯಾಗುತ್ತದೆ. ಅನುಮತಿ ಪತ್ರ ಹಿಡಿದು ಮೊಬೈಲಲ್ಲಿ ಫೋಟೋ ತೆಗೆದೆ. ನಂತರ ಅಶೋಕ ವಿಶ್ವವಿದ್ಯಾಲಯದವರ ಚುನಾವಣಾ ಫಲಿತಾಂಶದ ಡೇಟಾ, ಲೋಕ್ ಢಾಬಾ, ಇಳಿಸಿಕೊಂಡು 1989, 1994ರ ವಿಧಾನಸಭಾ ಅಭ್ಯರ್ಥಿಗಳ ಜೊತೆ ಹೊಂದಿಸಿದೆ. ಇಲ್ಲಿ ತಲೆ ಕೆಟ್ಟಿತು. ಒಂದೇ ಮನುಷ್ಯ ಒಂದು ಕಡೆ ಬಸವನಗೌಡ, ಇನ್ನೊಂದು ಕಡೆ ಬಸನಗೌಡ, ಇಂಗ್ಲಿಷಿನಲ್ಲಿ ಇನ್ನೂ ನಾಲ್ಕು ಥರ. ಎಕ್ಸೆಲ್ ಸೂತ್ರಗಳು ಅರ್ಧಕ್ಕರ್ಧ ತಪ್ಪು ಹೊಂದಿಸಿದವು. ಕೊನೆಗೆ ಹೆಸರು ಬಿಟ್ಟು ಬೇರೆ ಎರಡು ವಿವರ ಇಟ್ಟುಕೊಂಡು ಹೊಂದಿಸಿದೆ. ಯಾವ ಎರಡು ಅನ್ನೋದು ಪೇಪರ್ ಪ್ರಕಟ ಆಗೋವರೆಗೆ ನನ್ನ ಹತ್ತಿರ ಇರಲಿ.

ಮಧ್ಯೆ ಸುಮ್ನೆ ಒಂದು ಪ್ರಯೋಗ: ಫೋಟೋಗಳನ್ನು ಗೂಗಲ್ ಡ್ರೈವ್‌ಗೆ ಹಾಕಿ ಡಾಕ್ಸ್‌ನಲ್ಲಿ ತೆರೆದೆ, ಫೋಟೋದ ಕನ್ನಡ ಟೈಪ್ ಮಾಡಿದ ಅಕ್ಷರವಾಗಿ ಬರುತ್ತದೆ. ಇದೇ ಕೆಲಸ ಮಾಡುವ ಟೆಸರಾಕ್ಟ್ ಅನ್ನೋ ಉಚಿತ ತಂತ್ರಾಂಶಕ್ಕಿಂತ ವಾಸಿ ಅನ್ನಿಸಿತು. ಒತ್ತಕ್ಷರ ಮಾತ್ರ ಎರಡರಲ್ಲೂ ಕೈಕೊಡುತ್ತದೆ. ಫೋಟೋವನ್ನು ಎರಡು ಎಂಬಿ ಒಳಗೆ, ಒಂದೊಂದೇ ಕಾಲಂ ಕತ್ತರಿಸಿ ಹಾಕಿದರೆ ತಪ್ಪು ಎಷ್ಟೋ ಕಮ್ಮಿ. ಹಳೇ ನುಡಿ ಫಾಂಟಿನ ಪಿಡಿಎಫ್‌ಗಳಿಗೂ ಇದೇ ದಾರಿ, ಕಾಪಿ ಮಾಡಿದರೆ ಬರೀ ಕಸ ಬರುತ್ತೆ.

ಜರ್ನಲ್ ಲೇಖನಗಳಿಗೆ ಖರ್ಚೇ ಇಲ್ಲ. ಸರ್ಕಾರಿ ಕಾಲೇಜಿನವರಿಗೆ 2025ರ ಜನವರಿಯಿಂದ ಕೇಂದ್ರ ಸರ್ಕಾರದ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಯೋಜನೆ ಇದೆ, ಸುಮಾರು 13,000 ಜರ್ನಲ್. ಮನೆಯಿಂದ ಓದೋಕೆ ಇನ್‌ಫೆಡ್ (ಕಾಲೇಜಿನ ಮೂಲಕ ಸಿಗುವ ಖಾತೆ) ಲಾಗಿನ್ ಬೇಕು, ಲೈಬ್ರೇರಿಯನ್ ಬೆನ್ನು ಹತ್ತಿ ಮಾಡಿಸಿಕೊಳ್ಳಿ. ಅದು ಆಗದವರಿಗೆ ಜೆಸ್ಟೋರ್ ಅನ್ನೋ ಜರ್ನಲ್ ವೆಬ್‌ಸೈಟಿನ ಉಚಿತ ಖಾತೆಯಲ್ಲಿ ತಿಂಗಳಿಗೆ 100 ಲೇಖನ ಆನ್‌ಲೈನ್ ಓದಬಹುದು. ಇಪಿಡಬ್ಲ್ಯೂ (ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ) ಹಳೇ ಸಂಚಿಕೆಗಳು ಅಲ್ಲೇ ಇವೆ.

ಒಟ್ಟು ಖರ್ಚು ಆ ಎಂಟು ಸಾವಿರ ಬಿಟ್ಟು ಹದಿನೈದು ಸಾವಿರದ ಆಸುಪಾಸು. ಬಸ್ಸು, ಊಟ, ಒಂದು ಹಾರ್ಡ್ ಡಿಸ್ಕ್, ಒಂದೆರಡು ಲೈಬ್ರರಿಯ ತಾತ್ಕಾಲಿಕ ಸದಸ್ಯತ್ವ. ಬೆಂಗಳೂರಲ್ಲಿ ರೂಮ್ ಮಾಡಿ ಇದೇ ಕಾಲದ ವಿಷಯ ಹಿಡಿದಿರುವ ಗೆಳೆಯರೊಬ್ಬರು ಈಗ ನನ್ನ ಪಟ್ಟಿ ಕೇಳುತ್ತಿದ್ದಾರೆ. ವೈವಾ ಮುಗಿಯಲಿ ಮಾರಾಯ್ರೆ ಅಂದಿದ್ದೇನೆ.