ಕರೆಂಟ್ ಹೋದಾಗಲೂ ನಡೆಯುವ ಫೋನ್: ಫೈಬರ್ ಸಂಪರ್ಕವೋ, ಹಳೆಯ ಲ್ಯಾಂಡ್‌ಲೈನೋ?

ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ಇಂದು ಮನೆಗೆ ಹೊಸದಾಗಿ ಫೋನ್ ಬೇಕೆಂದು ವಿಚಾರಿಸಿದರೆ ಸಾಮಾನ್ಯವಾಗಿ ಸಿಗುವುದು ಇಂಟರ್ನೆಟ್ ಜೊತೆಗೆ ಬರುವ ಫೈಬರ್ ಫೋನ್. ಹಳೆಯ ತಾಮ್ರದ ತಂತಿಯ ಲ್ಯಾಂಡ್‌ಲೈನ್ ಇನ್ನೂ ಇರುವ ಮನೆಗಳಲ್ಲಿ ಅದನ್ನು ಉಳಿಸಿಕೊಳ್ಳಬೇಕೇ, ಬಿಡಬೇಕೇ ಎಂಬ ಚರ್ಚೆ ನಡೆಯುತ್ತಿರುತ್ತದೆ. ಕಂಪನಿ ಯಾವುದು, ತಿಂಗಳ ಬಾಡಿಗೆ ಎಷ್ಟು ಎಂದು ಲೆಕ್ಕ ಹಾಕುವ ಮೊದಲು, ಆ ಫೋನಿಗೆ ವಿದ್ಯುತ್ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿದುಕೊಂಡರೆ ಅರ್ಧ ತೀರ್ಮಾನ ಅಲ್ಲಿಯೇ ಆಗುತ್ತದೆ.

ತಾಮ್ರದ ಜೋಡಿ ತಂತಿಯಲ್ಲಿ ಮಾತಿನ ಜೊತೆಗೆ ವಿದ್ಯುತ್ತೂ ಹರಿದು ಬರುತ್ತದೆ. ದೂರವಾಣಿ ಎಕ್ಸ್‌ಚೇಂಜಿನಲ್ಲಿರುವ ಬ್ಯಾಟರಿಗಳು ಸುಮಾರು 48 ವೋಲ್ಟ್‌ಗಳಷ್ಟು ವಿದ್ಯುತ್ತನ್ನು ತಂತಿಗೆ ಸದಾ ಕೊಡುತ್ತಿರುವುದರಿಂದ, ಮನೆಯಲ್ಲಿ ಕರೆಂಟ್ ಇರಲಿ ಇಲ್ಲದಿರಲಿ ಸಾದಾ ಫೋನ್ ಕೆಲಸ ಮಾಡುತ್ತದೆ. ಕಾರ್ಡ್‌ಲೆಸ್ ಫೋನಿಗೆ ಮಾತ್ರ ಈ ಅನುಕೂಲವಿಲ್ಲ, ಏಕೆಂದರೆ ಅದರ ಬೇಸ್ ಗೋಡೆಯ ಸಾಕೆಟ್ಟನ್ನೇ ನಂಬಿರುತ್ತದೆ. ಆಪತ್ತಿಗೆಂದು ಲ್ಯಾಂಡ್‌ಲೈನ್ ಇಟ್ಟುಕೊಂಡು ಅದಕ್ಕೆ ಕಾರ್ಡ್‌ಲೆಸ್ ಒಂದನ್ನೇ ಜೋಡಿಸಿದ ಮನೆಗಳು ಕಡಿಮೆಯಿಲ್ಲ. ಅಂಥವರು ತಂತಿಯಿರುವ ಸಾದಾ ಫೋನೊಂದನ್ನು ತಂದು ಜೋಡಿಸಿಕೊಳ್ಳಬೇಕು.

ಫೈಬರ್ ಎಂಬುದು ಗಾಜಿನ ಎಳೆ. ಅದರಲ್ಲಿ ಸಾಗುವುದು ಬೆಳಕು ಮಾತ್ರ. ಆ ಬೆಳಕನ್ನು ಮಾತಾಗಿ ಬದಲಿಸುವ ಪೆಟ್ಟಿಗೆಗೆ, ಅಂದರೆ ಮೋಡೆಮ್ ಎಂದು ನಾವು ಕರೆಯುವ ಸಾಧನಕ್ಕೆ, ಮನೆಯ ಕರೆಂಟೇ ಬೇಕು. ಬೆಸ್ಕಾಂ ‘ವಿದ್ಯುತ್ ವ್ಯತ್ಯಯ’ದ ಪ್ರಕಟಣೆ ಹೊರಡಿಸಿದ ದಿನ ಈ ಫೋನೂ ಸುಮ್ಮನಾಗುತ್ತದೆ. ಪರಿಹಾರ ಕಷ್ಟದ್ದೇನಲ್ಲ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಮೋಡೆಮ್ ಇರುವ ಸಾಕೆಟ್ ಇನ್ವರ್ಟರ್ ಲೈನಿನಲ್ಲಿದೆಯೇ ಎಂದು ಎಲೆಕ್ಟ್ರಿಷಿಯನ್‌ರಿಂದ ನೋಡಿಸಿಕೊಳ್ಳಿ. ಬಹಳಷ್ಟು ಮನೆಗಳಲ್ಲಿ ದೀಪ ಮತ್ತು ಫ್ಯಾನುಗಳಷ್ಟೇ ಆ ಲೈನಿನಲ್ಲಿರುತ್ತವೆ. ಇನ್ವರ್ಟರ್ ಇಲ್ಲದಿದ್ದರೆ ಮೋಡೆಮ್‌ಗೆಂದೇ ಮಾರುವ ಸಣ್ಣ ಯುಪಿಎಸ್ ಸಾಕಾಗುತ್ತದೆ. ಕೊಳ್ಳುವ ಮುನ್ನ ಮೋಡೆಮ್ ಅಡಾಪ್ಟರಿನ ಮೇಲೆ ಬರೆದಿರುವ ವೋಲ್ಟ್ ಮತ್ತು ಆಂಪಿಯರ್ ಓದಿಕೊಳ್ಳಿ. 12 ವೋಲ್ಟ್, 1 ಆಂಪಿಯರ್ ಎಂದಿದ್ದರೆ ಗರಿಷ್ಠ ಬಳಕೆ 12 ವ್ಯಾಟ್. 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 84 ವ್ಯಾಟ್-ಅವರ್ ಇರುವುದರಿಂದ ಕಾಗದದ ಮೇಲೆ ಏಳು ಗಂಟೆ ಬರುತ್ತದೆ, ಬ್ಯಾಟರಿ ಹಳತಾದಂತೆ ಅದು ಇಳಿಯುತ್ತ ಹೋಗುತ್ತದೆ. ವೋಲ್ಟ್ ಹೊಂದದ ಯುಪಿಎಸ್ಸನ್ನು ಪಿನ್ ಕೂರುತ್ತದೆಂಬ ಒಂದೇ ಕಾರಣಕ್ಕೆ ಜೋಡಿಸಬಾರದು.

ಮನೆಯೊಳಗೆ ಬ್ಯಾಟರಿ ಇಟ್ಟರೂ ಎದುರು ತುದಿಯ ಸಾಧನಕ್ಕೆ ಬ್ಯಾಟರಿ ಇಲ್ಲದಿದ್ದರೆ ಪ್ರಯೋಜನವಿಲ್ಲ. ಫೈಬರ್ ಹಲವು ಕಡೆ ಸ್ಥಳೀಯ ಕೇಬಲ್‌ನವರ ಕೊಠಡಿಯಿಂದ ಬರುತ್ತದೆ. ಅಲ್ಲಿ ಎಷ್ಟು ಹೊತ್ತಿನ ಬ್ಯಾಟರಿ ಇದೆ, ಜನರೇಟರ್ ಇದೆಯೇ ಎಂದು ಸಂಪರ್ಕ ಪಡೆಯುವ ಮೊದಲೇ ಕೇಳಬೇಕು. ಇದಕ್ಕೆ ನೇರ ಉತ್ತರ ಕೊಡದ ಕೇಬಲ್‌ನವರಿಗಿಂತ, ಅದೇ ಬೀದಿಯಲ್ಲಿ ಅವರ ಸಂಪರ್ಕ ಹೊಂದಿರುವ ನೆರೆಯವರ ಅನುಭವವೇ ಹೆಚ್ಚು ನಂಬಲರ್ಹ.

ಹಾಗೆಂದು ತಾಮ್ರವೇ ಮೇಲು ಎಂದೇನೂ ಅಲ್ಲ. ಭೂಮಿಯೊಳಗಿನ ಕೇಬಲ್ಲಿನ ಜೋಡಣೆಗಳಲ್ಲಿ ನೀರು ಸೇರಿದರೆ ಮಳೆಗಾಲವಿಡೀ ಕರಕರ ಸದ್ದು ಕೇಳುತ್ತದೆ, ರಸ್ತೆ ಅಗೆತದಲ್ಲಿ ಕೇಬಲ್ ತುಂಡಾದರೆ ದುರಸ್ತಿಗೆ ಕಾಯಬೇಕಾಗುತ್ತದೆ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲಿನ ಹೊಡೆತ ತಾಮ್ರದ ತಂತಿಯ ಮೂಲಕ ಮನೆಯೊಳಕ್ಕೆ ಬರಬಹುದು. ಗಾಜಿನ ಎಳೆಯಲ್ಲಿ ಆ ಭಯವಿಲ್ಲ, ಆದರೂ ಅಡಾಪ್ಟರ್ ಮೂಲಕ ಮೋಡೆಮ್ ಸುಟ್ಟುಹೋಗಬಹುದು. ಅದಲ್ಲದೆ ಬಿ.ಎಸ್.ಎನ್.ಎಲ್. ತನ್ನ ತಾಮ್ರದ ಸಂಪರ್ಕಗಳನ್ನು ಫೈಬರ್‌ಗೆ ಬದಲಿಸುತ್ತಿರುವುದರಿಂದ ಹೊಸದಾಗಿ ತಾಮ್ರದ ಸಂಪರ್ಕಕ್ಕಾಗಿ ಓಡಾಡುವುದು ಶ್ರಮಕ್ಕೆ ತಕ್ಕ ಕೆಲಸವೆಂದು ನನಗೆ ಅನ್ನಿಸುವುದಿಲ್ಲ. ಈಗಾಗಲೇ ಇರುವ ಲೈನಿನಲ್ಲಿ ಮಳೆಯ ದಿನವೂ ಡಯಲ್ ಟೋನ್ ಸ್ವಚ್ಛವಾಗಿ ಕೇಳುತ್ತಿದ್ದರೆ, ಮನೆಯಲ್ಲಿ ವಯಸ್ಸಾದವರು ಒಬ್ಬರೇ ಇರುವ ಹೊತ್ತು ಹೆಚ್ಚಿದ್ದರೆ, ಅಥವಾ ಜಗಳೂರು, ಮೊಳಕಾಲ್ಮೂರು ಕಡೆಯ ಹಳ್ಳಿಯಲ್ಲಿ ಮೊಬೈಲ್ ಸಿಗ್ನಲ್ ಮನೆಯೊಳಗೆ ಸಿಗದಿದ್ದರೆ, ಆ ಲೈನನ್ನು ಬಿಡಬೇಡಿ.

ಉಳಿದವರಿಗೆ ಫೈಬರ್ ಫೋನ್, ಮೋಡೆಮ್‌ಗೆ ಬ್ಯಾಟರಿ, ಜೊತೆಗೆ ಬೇರೆ ಕಂಪನಿಯ ಸಿಮ್ ಹಾಕಿದ ಒಂದು ಕೀಪ್ಯಾಡ್ ಮೊಬೈಲ್ ಸಾಕು. ಬೇರೆ ಕಂಪನಿ ಎಂಬ ಮಾತು ಮುಖ್ಯ: ಫೈಬರ್ ಮತ್ತು ಮೊಬೈಲ್ ಒಂದೇ ಕಂಪನಿಯವಾಗಿದ್ದರೆ, ಊರಿನ ಮುಖ್ಯ ಕೇಬಲ್ ತುಂಡಾದ ದಿನ ಎರಡೂ ಒಟ್ಟಿಗೆ ಕೈಕೊಡಬಹುದು.

ಹಳೆಯ ಸಂಖ್ಯೆಯ ಬಗ್ಗೆಯೂ ಎಚ್ಚರ ಬೇಕು. ಮೊಬೈಲಿನಂತೆ ಲ್ಯಾಂಡ್‌ಲೈನ್ ಸಂಖ್ಯೆಯನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಒಯ್ಯುವ ಸೌಲಭ್ಯ ನಮ್ಮಲ್ಲಿಲ್ಲ. ದಾವಣಗೆರೆಯ 08192 ಅಥವಾ ಚಿತ್ರದುರ್ಗದ 08194 ಕೋಡಿನ ಹಳೆಯ ಸಂಖ್ಯೆ ಬ್ಯಾಂಕು, ಗ್ಯಾಸ್ ಏಜೆನ್ಸಿ, ನೆಂಟರಿಷ್ಟರ ಬಳಿ ಇದ್ದರೆ, ಅದೇ ಕಂಪನಿಯ ಫೈಬರ್‌ಗೆ ಅದೇ ಸಂಖ್ಯೆಯೊಂದಿಗೆ ಬದಲಾಯಿಸಿಕೊಡುವರೇ ಎಂದು ಲಿಖಿತವಾಗಿ ಕೇಳಿ, ಉತ್ತರ ಬಂದ ಮೇಲೆಯೇ ಹಳೆಯದನ್ನು ಬಿಡಿ. ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಕರೆ ಮಾಡಲು ಸಂಖ್ಯೆಯ ಮುಂದೆ ಸೊನ್ನೆ ಒತ್ತಬೇಕೆಂಬ ನಿಯಮ 2021ರ ಜನವರಿ 15ರಿಂದ ಜಾರಿಯಲ್ಲಿದೆ. ಹಿರಿಯರಿಗೆ ಇದನ್ನು ಹೇಳಿಕೊಡದಿದ್ದರೆ ಫೋನ್ ಕೆಟ್ಟಿದೆ ಎಂದೇ ಅವರು ತಿಳಿಯುತ್ತಾರೆ. ವಾಟ್ಸ್‌ಆ್ಯಪ್‌ನಿಂದ ತುರ್ತು ಸಂಖ್ಯೆಗಳಾದ 112ಕ್ಕಾಗಲಿ 108ಕ್ಕಾಗಲಿ ಕರೆ ಹೋಗುವುದಿಲ್ಲ ಎಂಬುದನ್ನೂ ಮನೆಯವರಿಗೆಲ್ಲ ತಿಳಿಸಿ, ಆಪತ್ತಿನಲ್ಲಿ ವಿಳಾಸ ಹೇಳಲು ಅನುಕೂಲವಾಗುವಂತೆ ಬಡಾವಣೆ, ಅಡ್ಡರಸ್ತೆ, ಹತ್ತಿರದ ಗುರುತು ಇವನ್ನು ದಪ್ಪಕ್ಷರದಲ್ಲಿ ಬರೆದು ಫೋನಿನ ಪಕ್ಕ ಅಂಟಿಸಿ.

ಎಲ್ಲ ಜೋಡಣೆ ಮುಗಿದ ಮೇಲೆ ಒಂದು ಸಂಜೆ ಮನೆಯ ಮೇನ್ ಸ್ವಿಚ್ ಆರಿಸಿ, ಪರಿಚಿತರೊಬ್ಬರಿಗೆ ಕರೆ ಮಾಡಿ, ಅವರಿಂದ ತಿರುಗಿ ಕರೆ ಮಾಡಿಸಿಕೊಳ್ಳಿ. ಪರೀಕ್ಷೆಗೆಂದು ತುರ್ತು ಸಂಖ್ಯೆಗಳಿಗೆ ಕರೆ ಮಾಡಬಾರದು. ಮೋಡೆಮ್ ದೀಪಗಳು ಎಷ್ಟು ಹೊತ್ತು ಉರಿದವು ಎಂಬುದನ್ನು ಗಡಿಯಾರ ನೋಡಿ ಬರೆದಿಟ್ಟು, ಆರು ತಿಂಗಳಿಗೊಮ್ಮೆ ಇದನ್ನೇ ಮತ್ತೆ ಮಾಡಿ. ಆ ಹೊತ್ತು ಮೊದಲಿನ ಅರ್ಧಕ್ಕೆ ಇಳಿದಿದ್ದರೆ ಬ್ಯಾಟರಿ ಬದಲಿಸಿ.